ನಿನ್ನೆಯ ಏಕಾದಶಿ

ಮಾತಾಡಬೇಕಾಗಿದ್ದದ್ದು ಮಧ್ಯಾಹ್ನ ಮೂರು ಗಂಟೆಗೆ. ಅವನ ಬಾಯಿ ಮಾತ್ರ ಬೆಳಗ್ಗೆ ಎಂಟಕ್ಕೇ ಒಣಗಿ ಕೂತಿತ್ತು. ಪರದೇಶದ ಆಸ್ಪತ್ರೆಯೊಂದರ ನೆಲಮಾಳಿಗೆಯ ಲಾಂಡ್ರಿಗೆ ಅವನು ಸೂಪರ್‌ವೈಸರ್. ಇಪ್ಪತ್ತಾರು ವರ್ಷಗಳಿಂದ ಬೆಡ್‌ಶೀಟು, ದಿಂಬಿನ ಕವರು, ರೋಗಿಗಳ ಗೌನು ಇವುಗಳ ನಡುವೆಯೇ ತಲೆಗೂದಲು ಬೆಳ್ಳಗಾಗಿಸಿಕೊಂಡವನು. ಯಾವ ವಾರ್ಡಿನ ಬಟ್ಟೆ ಎಂದು ವಾಸನೆಯಿಂದಲೇ ಹೇಳಬಲ್ಲ. ಯಾವ ಕಲೆಗೆ ತಣ್ಣೀರು, ಯಾವುದಕ್ಕೆ ಬಿಸಿನೀರು ಎಂದು ನಿದ್ದೆಗಣ್ಣಿನಲ್ಲಿ ಕೇಳಿದರೂ ತಪ್ಪುವುದಿಲ್ಲ. ಅಂಥವನ ಹತ್ತಿರ ಹೋದ ವಾರ ಹೆಡ್ ನರ್ಸ್ ತಾನಾಗಿಯೇ ಮೆಟ್ಟಿಲಿಳಿದು ಬಂದು, "ನಿಮ್ಮ ಧರ್ಮದ ಬಗ್ಗೆ ನಮ್ಮ ನರ್ಸುಗಳಿಗೆ ಇಪ್ಪತ್ತು ನಿಮಿಷ ಮಾತಾಡ್ತೀರಾ?" ಎಂದು ಕೇಳಿದಾಗ ಅವನು ಮೊದಲು ಮಾಡಿದ ಕೆಲಸ ಹಿಂದಕ್ಕೆ ತಿರುಗಿ ನೋಡಿದ್ದು, ಬೇರೆ ಯಾರನ್ನೋ ಕೇಳುತ್ತಿದ್ದಾರೇನೋ ಎಂದು. ಹಿಂದೆ ಇದ್ದದ್ದು ಒಗೆಯುವ ಯಂತ್ರ. ಯಾರೋ ನರ್ಸು ರೋಗಿಯೊಬ್ಬರ ಹಣೆಯ ಮೇಲಿದ್ದ ವಿಭೂತಿಯನ್ನು ಧೂಳೆಂದುಕೊಂಡು ಒದ್ದೆಬಟ್ಟೆಯಿಂದ ಒರೆಸಿದ್ದಳಂತೆ. ಇನ್ಯಾರೋ ಮಣಿಕಟ್ಟಿನ ದಾರವನ್ನು ಕತ್ತರಿಸಿ ಕಸದ ಬುಟ್ಟಿಗೆ ಹಾಕಿದ್ದಳಂತೆ. ದೂರು ಬಂದಿತ್ತು. ಹೃದಯದ ಡಾಕ್ಟರು ನಮ್ಮವರೇ ಅಲ್ಲವೇ, ಅವರನ್ನು ಕೇಳಬಹುದಲ್ಲ ಎಂದು ಅವನು ಅಂದರೆ, ಅವರಿಗೆ ಆ ಹೊತ್ತಿಗೆ ಆಪರೇಷನ್ ಇದೆಯಂತೆ. "ನಂಬಿಕೆ, ಆಚರಣೆ, ಸಂಪ್ರದಾಯ, ಸುಮ್ಮನೆ ಒಂದು ಪರಿಚಯ ಅಷ್ಟೇ" ಎಂದು ಹೆಡ್ ನರ್ಸ್ ನಕ್ಕಳು. ಅವನೂ ನಕ್ಕ. ನಕ್ಕದ್ದನ್ನೇ ಒಪ್ಪಿಗೆ ಎಂದುಕೊಂಡು ಅವಳು ಮೆಟ್ಟಿಲು ಹತ್ತಿಬಿಟ್ಟಳು.

ಈಗ ಅವನ ಮೇಜಿನ ಮೇಲೆ, ವಾರ್ಡಿನ ಹಳೇ ಚೀಟಿಗಳ ಬೆನ್ನಿಗೆ ಬರೆದ ಆರು ಅಂಶಗಳಿದ್ದವು. ಒಂದು, ದೇವರು ಒಬ್ಬ, ರೂಪ ಅನೇಕ. ಎರಡು, ಕರ್ಮ. ಮೂರು, ಪುನರ್ಜನ್ಮ. ನಾಲ್ಕು, ಪೂಜೆ, ದೀಪ, ತುಳಸಿ. ಐದು, ಊಟ ಉಪವಾಸ. ಆರು, ಸಾವಿನ ಹೊತ್ತಿನಲ್ಲಿ ಏನು ಮಾಡಬೇಕು. ಕರ್ಮಕ್ಕೆ ಎರಡು ಸಾಲು ಬರೆದಿದ್ದ, ಪುನರ್ಜನ್ಮಕ್ಕೆ ಮೂರು. ದೀಪದ ಬಗ್ಗೆ ಬರೆಯುತ್ತ ಬರೆಯುತ್ತ ಚೀಟಿಯೇ ತುಂಬಿಹೋಗಿತ್ತು, ಯಾಕೆಂದರೆ ಅಲ್ಲಿ ಅಮ್ಮನ ಕೈ ಬಂದುಬಿಟ್ಟಿತ್ತು, ಬತ್ತಿ ಹೊಸೆಯುವಾಗ ತೊಡೆಯ ಮೇಲೆ ಹಿಂದೆ ಮುಂದೆ ಓಡುವ ಅಂಗೈ, ಅದರ ಸವೆದ ರೇಖೆ. ಅದನ್ನೆಲ್ಲ ನರ್ಸುಗಳಿಗೆ ಹೇಳಿ ಆಗಬೇಕಾದದ್ದೇನು ಎಂದು ಹೊಡೆದುಹಾಕಿದ್ದ. ಐದನೆಯ ಅಂಶದ ಎದುರು ಏನೂ ಇರಲಿಲ್ಲ. ಮೂರು ದಿನದಿಂದ ಪೆನ್ನು ಅಲ್ಲಿಗೆ ಬಂದು ನಿಲ್ಲುತ್ತಿತ್ತು. ಇಸ್ತ್ರಿ ಉರುಳೆಯ ಬಾಯಿಂದ ಬೆಡ್‌ಶೀಟುಗಳು ಒಂದಾದ ಮೇಲೊಂದು ಬಿಸಿಯಾಗಿ ಹೊರಬರುತ್ತಿದ್ದವು, ಇಬ್ಬರು ಹೆಂಗಸರು ಎದುರುಬದುರು ನಿಂತು ತುದಿ ತುದಿ ಹಿಡಿದು ಮಡಚುತ್ತಿದ್ದರು, ಹತ್ತಿರ ಬರುತ್ತಿದ್ದರು, ದೂರ ಹೋಗುತ್ತಿದ್ದರು. ಇವತ್ತೇ ಏಕಾದಶಿ ಎಂಬುದು ಅವನಿಗೆ ಗೊತ್ತಿತ್ತು. ಅಮ್ಮ ಹೋಗಿ ನಾಲ್ಕು ವರ್ಷವಾದರೂ ದಿನಾ ಎದ್ದ ಕೂಡಲೇ ಪಂಚಾಂಗದ ಕ್ಯಾಲೆಂಡರಿನಲ್ಲಿ ತಿಥಿ ನೋಡುವ ಚಾಳಿ ಬಿಟ್ಟಿರಲಿಲ್ಲ. ಕೇಳುವವರಿಲ್ಲದಿದ್ದರೂ ಅವನ ಬಳಿ ಸರಿಯಾದ ಉತ್ತರ ಸಿದ್ಧವಾಗಿರುತ್ತಿತ್ತು.

ಹೆಂಡತಿಗೆ ಅವನ ಈ ಸಂಕಟ ಒಂಥರಾ ತಮಾಷೆಯೂ ಆಗಿತ್ತು, ಅಲ್ಲದೆಯೂ ಇತ್ತು. ಬೆಳಗ್ಗೆ ಅವನ ತಟ್ಟೆಯ ಎದುರು ಕೂತು, "ಏನ್ರೀ, ಎಲ್ಲಾ ಬರ್ಕೊಂಡ್ರಾ?" ಎಂದಳು.

"ಬರ್ಕೊಂಡೆ."

"ಕರ್ಮದ ಬಗ್ಗೆ?"

"ಅದೂ ಇದೆ. ಎರಡು ಸಾಲು."

"ಎರಡೇ ಸಾಲು ಸಾಕಾ ನಿಮಗೆ?" ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಉಪವಾಸದ ಬಗ್ಗೆ ಏನ್ ಹೇಳ್ತೀರಿ?" ಎಂದಳು. ಅವನು ಲೋಟ ಎತ್ತಿ ಕುಡಿದ, ಖಾಲಿಯಾದ ಮೇಲೂ ಕುಡಿದ. "ನೋಡ್ಕೊಂಡು ಹೇಳಿ, ಇವತ್ತೇ ಇದೆ" ಎಂದು ಅವಳು ತಟ್ಟೆ ತೆಗೆದುಕೊಂಡು ಎದ್ದಳು. ಅವಳಿಗೆ ಮಾತ್ರ ಗೊತ್ತಿತ್ತು. ಗೊತ್ತಿದ್ದೂ ನಾಲ್ಕು ವರ್ಷದಲ್ಲಿ ಒಂದೇ ಒಂದು ಸಲ ಆ ಮಾತೆತ್ತಿದ್ದಳು. ಅಮ್ಮನ ಸೀರೆಗಳನ್ನು ಮಡಚಿ ಪೆಟ್ಟಿಗೆಗೆ ಇಡುತ್ತ, ತಲೆ ಎತ್ತದೆ, "ಅತ್ತೆಗೆ ತಿಂಗಳಿಗೆ ಇದ್ದದ್ದೇ ಎರಡು ರಜ. ಅದನ್ನೂ ಕಿತ್ಕೊಂಡ್ರಿ ನೀವು" ಎಂದಿದ್ದಳು.

ರಜ ಎಂಬ ಮಾತು ಅವನಿಗೆ ಎಂದೂ ಹೊಳೆದಿರಲಿಲ್ಲ, ಅದು ನಿಜವಾಗಿತ್ತು. ಅವನ ಬಾಲ್ಯದ ಆ ಎರಡು ಕೋಣೆಯ ಮನೆಯಲ್ಲಿ ಏಕಾದಶಿಯ ದಿನ ಒಲೆ ಹಚ್ಚುತ್ತಿರಲಿಲ್ಲ. ಹಿಂದಿನ ಸಂಜೆಯೇ ಅಮ್ಮ ಒಲೆಯನ್ನು ಉಜ್ಜಿ ತೊಳೆದು, ಪಾತ್ರೆಗಳನ್ನು ಬೋರಲು ಹಾಕಿ, ಅಡುಗೆಮನೆಯ ನೆಲ ಒರೆಸಿ, ಬಾಗಿಲು ಮುಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಮರುದಿನ ಅಪ್ಪನಿಗೆ, ಮಕ್ಕಳಿಗೆ ಹಣ್ಣು, ಹಾಲು. ಅಪ್ಪ ಮುಖ ಹುಳ್ಳಗೆ ಮಾಡಿಕೊಂಡು ಹೊರಟು, ಆಫೀಸಿನ ಕ್ಯಾಂಟೀನಿನಲ್ಲಿ ಹೊಟ್ಟೆ ತುಂಬ ತಿಂದು, ಸಂಜೆ ಏನೂ ತಿನ್ನದವರ ಮುಖ ಹೊತ್ತು ಬರುತ್ತಿದ್ದರು. ಅಮ್ಮನಿಗೆ ಅದು ಗೊತ್ತಿತ್ತು, ಅಂಗಿಯ ವಾಸನೆ ಹಿಡಿದು ನಗುತ್ತಿದ್ದಳು, ಹೇಳುತ್ತಿರಲಿಲ್ಲ. ಅವನು ಏಕಾದಶಿಗಾಗಿ ಕಾಯುತ್ತಿದ್ದದ್ದು ಹಣ್ಣಿನ ಆಸೆಗಲ್ಲ. ಉಳಿದ ಹದಿನಾಲ್ಕು ದಿನ ಅಮ್ಮ ಎಂದರೆ ಒಂದು ಬೆನ್ನು, ಒಲೆಯ ಎದುರು ಬಾಗಿದ ಬೆನ್ನು, ಕಲ್ಲಿನ ಎದುರು ಬಾಗಿದ ಬೆನ್ನು. ಏಕಾದಶಿಯ ಮಧ್ಯಾಹ್ನ ಮಾತ್ರ ಅಮ್ಮನಿಗೆ ಮುಖವಿರುತ್ತಿತ್ತು. ತಲೆಗೆ ಎರೆದುಕೊಂಡ ಕೂದಲನ್ನು ಬೆನ್ನಿಗೆ ಹರಡಿ, ಕಿಟಕಿಯ ಕೆಳಗೆ ಕಾಲು ಚಾಚಿ ಕೂತು, ಯಾವುದೋ ಹಾಡನ್ನು ಮೂಗಿನಲ್ಲೇ ಗುನುಗುತ್ತಿದ್ದಳು. ಅವನು ತೊಡೆಯ ಮೇಲೆ ತಲೆಯಿಟ್ಟು ಮಲಗಿದರೆ ಕಿವಿ ಅವಳ ಹೊಟ್ಟೆಗೆ ತಾಗುತ್ತಿತ್ತು. ಒಳಗೆ ಏನೋ ಗುರ್ ಎನ್ನುತ್ತಿತ್ತು.

"ಅಮ್ಮಾ, ನಿನ್ನ ಹೊಟ್ಟೆಯೊಳಗೆ ಯಾರೋ ಮಾತಾಡ್ತಿದಾರೆ."

"ಕೃಷ್ಣ ಕಣೋ. ಊಟ ಕೇಳ್ತಿದಾನೆ."

"ಕೊಡಲ್ವಾ?"

"ನಾಳೆ ಕೊಡ್ತೀನಿ ಅಂತ ಹೇಳಿದೀನಿ. ಇವತ್ತು ನಾವಿಬ್ಬರೂ ಸುಮ್ಮನೆ ಕೂತಿರೋಣ ಅಂದೆ. ಒಪ್ಕೊಂಡ."

ಹಾಗೆ ದೇವರ ಜೊತೆ ಮಾತಾಡಿ ಒಪ್ಪಿಸುವುದು ಅಮ್ಮನಿಗೆ ಸಲೀಸಾಗಿತ್ತು. ಧರ್ಮ ಎಂದರೆ ಅವನಿಗೆ ಆ ಮಧ್ಯಾಹ್ನದ ನೆಲದ ತಂಪು, ಅಮ್ಮನ ಒದ್ದೆ ಕೂದಲಿನ ಸೀಗೆಪುಡಿಯ ವಾಸನೆ, ಹಸಿದ ಹೊಟ್ಟೆಯ ಸದ್ದು. ಮರುದಿನ ದ್ವಾದಶಿ, ಸೂರ್ಯ ಹುಟ್ಟುವ ಮುಂಚೆಯೇ ಪಾತ್ರೆಗಳ ಸದ್ದಿಗೆ ಎಚ್ಚರವಾಗುತ್ತಿತ್ತು. ಅಮ್ಮ ದೀಪ ಹಚ್ಚಿ, ಅಂಗೈಯಲ್ಲಿ ನೀರು ಹಿಡಿದು, ಇಂಥ ವರ್ಷ, ಇಂಥ ಮಾಸ, ಇಂಥ ಪಕ್ಷ, ಇಂಥ ತಿಥಿ ಎಂದು ಗಟ್ಟಿಯಾಗಿ ಹೇಳುತ್ತಿದ್ದಳು. ದಿನಾ ಹೇಳುತ್ತಿದ್ದಳು ಅದನ್ನು. "ನಾನು ಎಲ್ಲಿದೀನಿ, ಯಾವತ್ತು ಇದೀನಿ ಅಂತ ಅವನಿಗೆ ಗೊತ್ತಾಗಬೇಡ್ವಾ? ಕೋಟ್ಯಂತರ ಜನ ಕರೀತಿರ್ತಾರೆ ಪಾಪ" ಎಂದು ಅದಕ್ಕೆ ಅವಳ ವಿವರಣೆ. ಆಮೇಲೆ ತುಳಸಿಯ ಎಲೆಯೊಂದನ್ನು ಬಾಯಿಗೆ ಹಾಕಿಕೊಂಡು, ನೀರು ಕುಡಿದು, ಮಕ್ಕಳನ್ನೂ ಪಕ್ಕಕ್ಕೆ ಕೂರಿಸಿಕೊಂಡು ಬಿಸಿ ಅನ್ನ ಉಣ್ಣುತ್ತಿದ್ದಳು. ಅಷ್ಟು ರುಚಿಯಾಗಿ ಉಣ್ಣುವವರನ್ನು ಅವನು ಆಮೇಲೆ ಎಲ್ಲೂ ನೋಡಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಅಮ್ಮ ಅವನ ಮೂರನೇ ಮಹಡಿಯ ಮನೆಗೆ ಬಂದಳು. ತುಳಸಿಯ ಕುಂಡ ಕಿಟಕಿಯ ಕಟ್ಟೆಗೆ ಬಂತು. ಕಣ್ಣಿಗೆ ಪೊರೆ ಬಂದಿತ್ತು, ರಕ್ತಕ್ಕೆ ಸಕ್ಕರೆ ಬಂದಿತ್ತು, ನೆನಪು ಅಲ್ಲಲ್ಲಿ ಹೊಲಿಗೆ ಬಿಡತೊಡಗಿತ್ತು. ಒಂದು ಏಕಾದಶಿಯ ಮಧ್ಯಾಹ್ನ ಬಚ್ಚಲಲ್ಲಿ ತಲೆತಿರುಗಿ ಬಿದ್ದಳು. ಡಾಕ್ಟರು ಅವನೊಬ್ಬನನ್ನೇ ಹೊರಗೆ ಕರೆದು, "ಮಾತ್ರೆ ನುಂಗಿ ಹಸಿದಿದ್ರೆ ಹೀಗೇ ಆಗೋದು. ಇನ್ನೊಂದ್ಸಲ ಬಿದ್ರೆ ನಾವು ಎಬ್ಬಿಸೋಕಾಗಲ್ಲ" ಎಂದರು. ಅಮ್ಮನಿಗೆ ಹೇಗೆ ಹೇಳಲಿ ಎಂದು ಹದಿನೈದು ದಿನ ಮೀನಮೇಷ ಎಣಿಸಿದ. ಮುಂದಿನ ಏಕಾದಶಿ ಬಂದೇಬಿಟ್ಟಿತು. ಬೆಳಗ್ಗೆ ಆರೂಕಾಲು, ಏಳಕ್ಕೆ ಡ್ಯೂಟಿ, ಅವನು ಬಾಗಿಲ ಬಳಿ ಒಂದು ಕಾಲಿಗೆ ಶೂ ಹಾಕಿ ಇನ್ನೊಂದನ್ನು ಕೈಯಲ್ಲಿ ಹಿಡಿದಿದ್ದ. ಅಮ್ಮ ದೀಪದ ಎದುರು ನಿಂತು ಅಂಗೈಗೆ ನೀರು ಬಿಟ್ಟುಕೊಂಡು, "ಇವತ್ತು ಯಾವ ತಿಥಿನೋ?" ಎಂದಳು. ಕ್ಯಾಲೆಂಡರಿನ ಸಣ್ಣ ಅಕ್ಷರ ಅವಳಿಗೆ ಕಾಣುವುದು ನಿಂತು ಆಗಲೇ ಎಷ್ಟೋ ಕಾಲವಾಗಿತ್ತು.

"ದ್ವಾದಶಿ ಅಮ್ಮ."

"ಮತ್ತೆ ಏಕಾದಶಿ?"

"ನಿನ್ನೆ ಮಾಡಿದೆಯಲ್ಲ. ಹಣ್ಣು ತಿಂದು ಮಲಗಿದೆ. ಮರೆತ್ಯಾ?"

"ಮಾಡಿದ್ನಾ?" ಅಮ್ಮನ ಅಂಗೈಯ ನೀರು ಬೆರಳ ಸಂದಿನಿಂದ ತೊಟ್ಟಿಕ್ಕಿತು. ಮುಖದಲ್ಲಿ ಒಂದು ನಾಚಿಕೆ, ತಪ್ಪು ಮಾಡಿ ಸಿಕ್ಕಿಬಿದ್ದವಳಂಥ ನಾಚಿಕೆ. ಆಮೇಲೆ ತನ್ನ ತಲೆಗೆ ತಾನೇ ಮೊಟಕಿಕೊಂಡು, "ಅರಳುಮರಳು ನೋಡು ನಂಗೆ. ಅದಕ್ಕೇ ಇಷ್ಟು ಹಸಿವು" ಎಂದಳು. ದ್ವಾದಶಿ ಎಂದು ಗಟ್ಟಿಯಾಗಿ ದೇವರಿಗೆ ಹೇಳಿದಳು. ತುಳಸಿಯ ಎಲೆ ಬಾಯಿಗೆ ಹಾಕಿಕೊಂಡು, ಮಾಡದ ಉಪವಾಸದ ಪಾರಣೆಗೆ ಕೂತಳು. ಅವನು ಇನ್ನೊಂದು ಶೂ ಹಾಕಿಕೊಂಡು ಮೆಟ್ಟಿಲಿಳಿದ. ಎಷ್ಟು ಸುಲಭವಾಯಿತು ಎಂದು ಅವನಿಗೇ ಆಶ್ಚರ್ಯವಾಗಿ, ಬೀದಿಯಲ್ಲಿ ಸ್ವಲ್ಪ ಹೊತ್ತು ಖುಷಿಯಾಗಿಯೂ ಇದ್ದ.

ಹೆಂಡತಿ ಸಂಜೆ ಅಡುಗೆಮನೆಯಲ್ಲಿ ದನಿ ತಗ್ಗಿಸಿ, "ನಾನಾಗಿ ಬಾಯಿ ಬಿಡಲ್ಲ. ಆದ್ರೆ ಅತ್ತೆ ನನ್ನ ಕೇಳಿದ್ರೆ ನಾನು ಸುಳ್ಳು ಹೇಳಲ್ಲ, ಗೊತ್ತಿರಲಿ" ಎಂದಳು. ಅಮ್ಮ ಒಂದು ದಿನವೂ ಸೊಸೆಯನ್ನು ಕೇಳಲಿಲ್ಲ. ಮಗನನ್ನೇ ಕೇಳಿದಳು. ಎಂಟು ತಿಂಗಳು, ಹದಿನೈದು ದಿನಕ್ಕೊಮ್ಮೆ, ಅವನು ಕಾಲವನ್ನು ಒಂದು ದಿನ ಮುಂದಕ್ಕೆ ತಳ್ಳುತ್ತಿದ್ದ. ಆಮೇಲೆ ಯಾವುದಾದರೊಂದು ತಿಥಿಯನ್ನು ಎರಡು ದಿನ ಹೇಳಿ ಸರಿದೂಗಿಸುತ್ತಿದ್ದ. ಅದರಲ್ಲಿ ಅವನು ಪಳಗಿಬಿಟ್ಟ. ಅಮ್ಮ ಪ್ರತಿ ಸಲವೂ ತನ್ನ ತಲೆಗೆ ಮೊಟಕಿಕೊಳ್ಳುತ್ತಿದ್ದಳು. ದೇವರಿಗೆ ತಪ್ಪು ತಾರೀಖು ಹೋಗುತ್ತಿದೆಯಲ್ಲ, ಅಮ್ಮ ಕರೆಯುವ ಹೊತ್ತಿಗೆ ಆತ ಇನ್ನೊಂದು ದಿನದಲ್ಲಿ ಹುಡುಕುತ್ತಿರುತ್ತಾನಲ್ಲ ಎಂದು ಒಮ್ಮೊಮ್ಮೆ ಅನ್ನಿಸುತ್ತಿತ್ತು. ಅನ್ನಿಸಿದ್ದಕ್ಕೆ ನಗುವೂ ಬರುತ್ತಿತ್ತು. ಒಂದು ಸಂಜೆ ಮಾತ್ರ ನಗು ಬರಲಿಲ್ಲ. ಅಮ್ಮ ಕಿಟಕಿಯ ಬಳಿ ನಿಂತು ತುಳಸಿಗೆ ನೀರು ಹಾಕುತ್ತಿದ್ದವಳು ತಲೆ ಎತ್ತಿ, ಎದುರು ಕಟ್ಟಡದ ಮೇಲಿನ ಚಂದ್ರನನ್ನು ಬಹಳ ಹೊತ್ತು ನೋಡಿ, "ದ್ವಾದಶಿ ಚಂದ್ರ ಇಷ್ಟು ಸೊರಗಿರ್ತಾನೇನೋ?" ಎಂದಳು. ಅರವತ್ತು ವರ್ಷ ಚಂದ್ರನನ್ನು ನೋಡಿ ಉಪವಾಸ ಹಿಡಿದವಳು. ಪೊರೆಯ ಹಿಂದಿನಿಂದಲೂ ಒಂದು ದಿನದ ಅಂತರ ಅವಳಿಗೆ ಕಂಡಿತ್ತು. ಅವನ ನಾಲಿಗೆ ತಡವರಿಸಲಿಲ್ಲ. "ಪೊರೆ ಬಂದಿರೋದು ನಿನ್ನ ಕಣ್ಣಿಗಮ್ಮ, ಚಂದ್ರನಿಗಲ್ಲ" ಎಂದ. ನಗೆಚಟಾಕಿ ಚೆನ್ನಾಗಿಯೇ ಇತ್ತು. ಅಮ್ಮನೂ ನಕ್ಕಳು. ಆದರೆ ಅವತ್ತಿನಿಂದ ಅವಳು ಚಂದ್ರನನ್ನು ನೋಡುವುದು ಬಿಟ್ಟಳು, ಸಂಜೆಯಾದ ಕೂಡಲೇ ಆ ಕಿಟಕಿಯ ಪರದೆ ಎಳೆದುಕೊಳ್ಳುತ್ತಿದ್ದಳು. ಇನ್ನು ಯಾವುದನ್ನೂ ತಾನೇ ಹೇಳುತ್ತಿರಲಿಲ್ಲ. ಸಕ್ಕರೆ ಡಬ್ಬಿ ಎಲ್ಲಿದೆ, ಇವತ್ತು ಸ್ನಾನ ಆಯಿತೇ, ಅಪ್ಪ ಹೋಗಿ ಎಷ್ಟು ವರ್ಷವಾಯಿತು, ಎಲ್ಲವನ್ನೂ ಅವನನ್ನು ಕೇಳಿ ತಿಳಿದುಕೊಳ್ಳುತ್ತಿದ್ದಳು.

ಹೋದದ್ದೂ ಏಕಾದಶಿಯ ದಿನವೇ. ಬೆಳಗ್ಗೆ ದ್ವಾದಶಿ ಎಂದು ಹೇಳಿಸಿಕೊಂಡು, ಪಾರಣೆ ಎಂದು ಹೊಟ್ಟೆ ತುಂಬ ಉಂಡು, ಮಧ್ಯಾಹ್ನ ಮಲಗಿದವಳು ಏಳಲಿಲ್ಲ. ಸಂಜೆ ಊರಿನಿಂದ ಸೋದರಮಾವ ಫೋನು ಮಾಡಿ ಅತ್ತರು, ಅಳುತ್ತಲೇ, "ಏಕಾದಶಿ ದಿನ ಕಣೋ! ಎಂಥ ಪುಣ್ಯವಂತೆ ನಮ್ಮಕ್ಕ! ಉಪವಾಸ ಇದ್ಲಲ್ಲಾ?" ಎಂದರು. ಅವನ ಎದುರು ಹೆಂಡತಿ ನಿಂತಿದ್ದಳು. "ಹೌದು ಮಾವ, ಇದ್ಲು" ಎಂದ. ಮಾವ ಅದನ್ನು ನೆಂಟರಿಷ್ಟರಿಗೆಲ್ಲ ಸಾರಿದರು. ನೀರೂ ಮುಟ್ಟದೆ ಹೋದಳಂತೆ ಎಂಬಲ್ಲಿಗೆ ಅದು ಬೆಳೆಯಿತು. ಹದಿಮೂರು ದಿನ ಬಂದವರೆಲ್ಲ ಅಂಥ ತಾಯಿಯನ್ನು ಪಡೆದ ಅವನ ಕೈ ಹಿಡಿದು ಹೋದರು. ಅವನು ಕೈ ಕೊಡುತ್ತ ಕೂತಿದ್ದ.

ಮೂರು ಗಂಟೆಗೆ ಐದು ನಿಮಿಷವಿರುವಾಗ ಅವನು ಬಚ್ಚಲಿಗೆ ಹೋಗಿ ಮುಖ ತೊಳೆದು, ಸಮವಸ್ತ್ರದ ಕಾಲರು ಸರಿಮಾಡಿಕೊಂಡು, ಎರಡನೇ ಮಹಡಿಯಲ್ಲಿರುವ ನರ್ಸುಗಳ ವಿಶ್ರಾಂತಿ ಕೋಣೆಗೆ ಹೋದ. ಹನ್ನೆರಡು ಜನ ಇದ್ದರು. ಕೆಲವರು ಚಪ್ಪಲಿ ಕಳಚಿ ಕಾಲು ಒತ್ತಿಕೊಳ್ಳುತ್ತಿದ್ದರು, ಒಬ್ಬಳು ಬಿಸ್ಕತ್ತು ಚಹಾದಲ್ಲಿ ಅದ್ದಿ ಅದು ಮುರಿದು ಬೀಳದಂತೆ ಕಣ್ಣಿಟ್ಟು ಕಾಯುತ್ತಿದ್ದಳು. ಹೆಡ್ ನರ್ಸ್ ಅವನನ್ನು ಪರಿಚಯಿಸಿ, "ಇವರನ್ನ ನೀವೆಲ್ಲ ನೋಡಿರ್ತೀರಿ" ಎಂದಳು. ನೋಡಿದಂತೆ ಯಾರ ಮುಖವೂ ಹೇಳಲಿಲ್ಲ. ಅವರು ನೋಡುತ್ತಿದ್ದದ್ದು ಅವನು ಕಳಿಸಿದ ಬೆಡ್‌ಶೀಟುಗಳನ್ನು. ಅವನು ಚೀಟಿ ಹಿಡಿದು ಶುರುಮಾಡಿದ. ಬಾಯಿಪಾಠ ಒಪ್ಪಿಸುವವನ ದನಿ ತನ್ನದೇ ಎಂದು ಗೊತ್ತಾಗಿ ಕಿವಿಗಳು ಬಿಸಿಯಾದವು. ದೇವರ ಅಂಶಕ್ಕೆ ಬಂದಾಗ ಒಬ್ಬಳು ಕೈ ಎತ್ತಿ, "ಒಟ್ಟು ಎಷ್ಟು ಜನ ದೇವರು?" ಎಂದಳು.

"ಮೂವತ್ತಮೂರು ಕೋಟಿ ಅಂತಾರೆ."

"ಅಷ್ಟು ಜನಕ್ಕೂ ನೀವೇ ಬೆಡ್‌ಶೀಟ್ ಕೊಡಬೇಕಾ?"

ಎಲ್ಲರೂ ನಕ್ಕರು, ಅವನೂ ನಕ್ಕ, ಸ್ವಲ್ಪ ಹಗುರಾದ. ಹಣೆಯ ವಿಭೂತಿ ಒರೆಸುವ ಮುಂಚೆ ಒಂದು ಮಾತು ಕೇಳಿ ಎಂದ, ದಾರ ಕತ್ತರಿಸಲೇಬೇಕಾದರೆ ಕಸಕ್ಕೆ ಹಾಕದೆ ಮನೆಯವರ ಕೈಗೆ ಕೊಡಿ ಎಂದ, ಕೊನೆಯ ಹೊತ್ತಿನಲ್ಲಿ ಬಾಯಿಗೆ ಒಂದು ಹನಿ ನೀರು ಬಿಡಲು ಮಕ್ಕಳು ಬಯಸುತ್ತಾರೆ, ಅವರನ್ನು ಹೊರಗೆ ಕಳಿಸಬೇಡಿ ಎಂದ. ನಾಲ್ಕರಿಂದ ನೇರ ಆರಕ್ಕೆ ಹಾರಿದ್ದನ್ನು ಯಾರೂ ಗಮನಿಸಲಿಲ್ಲ. ಮುಗಿಯಿತು ಎಂದು ಚೀಟಿಗಳನ್ನು ಮಡಚುತ್ತಿದ್ದಾಗ, ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ಕೂತಿದ್ದ ನಾಲ್ಕನೇ ವಾರ್ಡಿನ ನರ್ಸು, ದಪ್ಪ ಮೈಯ, ದಣಿದ ಕಣ್ಣಿನ, ಅವನಷ್ಟೇ ವಯಸ್ಸಾದ ಹೆಂಗಸು, "ನಂದೊಂದು ಪ್ರಶ್ನೆ" ಎಂದಳು.

"ನಿಮ್ಮ ಕಡೆಯ ಒಬ್ಬರು ವಯಸ್ಸಾದ ಅಮ್ಮ ಇದಾರೆ ನಮ್ಮ ವಾರ್ಡಿನಲ್ಲಿ. ಸಕ್ಕರೆ ಕಾಯಿಲೆ. ಒಂದೊಂದು ದಿನ ಊಟ ಬೇಡ ಅಂತಾರೆ, ಏನೋ ವ್ರತದ ದಿನ ಅಂತೆ. ಆ ದಿನ ನಿನ್ನೆನೇ ಮುಗೀತು ಅಂತ ಹೇಳಿಬಿಡಿ, ತಿಂತಾರೆ, ಅಂತ ಅವರ ಮಗ ಹೇಳ್ಕೊಟ್ಟ. ಎರಡು ಸಲ ಹೇಳಿದ್ವಿ, ತಿಂದ್ರು. ಅದು ಸರೀನಾ?"

ಇವಳಿಗೆ ಹೆಂಡತಿ ಹೇಳಿರಬೇಕು ಎಂದು ಒಂದು ಕ್ಷಣ ಅನ್ನಿಸಿತು. ಹೆಂಡತಿಗೆ ಇವಳ ಗುರುತೇ ಇಲ್ಲ. "ನಮ್ಮಲ್ಲಿ ಕಾಯಿಲೆಯವರು, ವಯಸ್ಸಾದವರು ಉಪವಾಸ ಮಾಡಲೇಬೇಕು ಅಂತ ಏನೂ ಇಲ್ಲ" ಎಂದ. ಅದು ನಿಜವೇ ಆಗಿತ್ತು. ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಆ ಉತ್ತರದ ಮೇಲೆ ಕೈ ಮುಗಿದು ಹೊರಟುಬಿಡಬಹುದಿತ್ತು. ಹೆಡ್ ನರ್ಸ್ ಗಡಿಯಾರ ನೋಡುತ್ತಿದ್ದಳು.

"ಅದಲ್ಲ ನಾನು ಕೇಳಿದ್ದು" ಎಂದಳು ಆ ಹೆಂಗಸು, ಜಗಳದ ದನಿಯಲ್ಲಲ್ಲ, ನಿಜಕ್ಕೂ ತಿಳಿಯಬೇಕಾದವಳ ದನಿಯಲ್ಲಿ. "ಹಾಗೆ ಸುಳ್ಳು ಹೇಳೋದು ಸರೀನಾ ಅಂತ."

ಕಾಯಿಲೆಯವರು ಬಿಡಬಹುದು. ಅದು ಅವನಿಗೆ ಆಗಲೂ ಗೊತ್ತಿತ್ತು. ಅಮ್ಮನಿಗೆ ಯಾಕೆ ಹೇಳಲಿಲ್ಲ? ಅಮ್ಮಾ, ಡಾಕ್ಟರು ಬೇಡ ಅಂದಿದಾರೆ, ನನಗೆ ಭಯ ಆಗ್ತಿದೆ, ಬಿಡು ಅಂತ ಯಾಕೆ ಕೇಳಲಿಲ್ಲ? ಅಮ್ಮ ಒಪ್ಪುತ್ತಿರಲಿಲ್ಲ ಎಂದು ನಾಲ್ಕು ವರ್ಷದಿಂದ ತನಗೆ ತಾನೇ ಹೇಳಿಕೊಂಡಿದ್ದ. ಈಗ ಹನ್ನೆರಡು ಮುಖಗಳ ಎದುರು ನಿಂತಾಗ ಕಂಡದ್ದು ಅಮ್ಮನ ಹಟವಲ್ಲ, ತನ್ನ ಕೈಯಲ್ಲಿದ್ದ ಶೂ. ಕೇಳಿದ್ದರೆ ಅಮ್ಮ ಎದುರು ಮಾತಾಡುತ್ತಿದ್ದಳು, ಅಳುತ್ತಿದ್ದಳೋ ಏನೋ, ಅರ್ಧ ಗಂಟೆ ಪಕ್ಕದಲ್ಲಿ ಕೂತು ಓಲೈಸಬೇಕಾಗುತ್ತಿತ್ತು. ಸುಳ್ಳಿಗೆ ಅರ್ಧ ನಿಮಿಷ ಸಾಕಾಯಿತು.

"ಹೇಳಬೇಡಿ" ಎಂದ. "ನಾನು ಹೇಳಿದ್ದೆ. ನಮ್ಮಮ್ಮನಿಗೆ. ಎಂಟು ತಿಂಗಳು ಹೇಳಿದೆ. ಅವಳ ಒಳ್ಳೇದಕ್ಕೆ ಅಂದ್ಕೊಂಡಿದ್ದೆ. ಅದಕ್ಕಲ್ಲ. ನನಗೆ ಡ್ಯೂಟಿಗೆ ಹೊತ್ತಾಗ್ತಿತ್ತು. ಕೂತು ಮಾತಾಡೋಕೆ ಪುರಸೊತ್ತಿರಲಿಲ್ಲ, ಅದಕ್ಕೆ." ಇನ್ನೂ ಏನೋ ಹೇಳಬೇಕಿತ್ತು. ಚಂದ್ರನ ವಿಷಯ ಹೇಳಬೇಕಿತ್ತು. "ಆಮೇಲೆ ಅವಳು ತನ್ನ ಕಣ್ಣನ್ನೇ ನಂಬೋದು ಬಿಟ್ಟಳು" ಎಂದಷ್ಟೇ ಹೇಳಿ ನಿಂತ. ಬಿಸ್ಕತ್ತಿನವಳು ಅಗಿಯುವುದನ್ನು ನಿಲ್ಲಿಸಿದ್ದಳು. ಹೆಡ್ ನರ್ಸ್ ಎದ್ದು, ಬಹಳ ಉಪಯೋಗವಾಯಿತು ಎಂದು ಚಪ್ಪಾಳೆ ತಟ್ಟಿದಳು. ನಾಲ್ಕೈದು ಜನ ಅವಳ ಮುಖ ನೋಡಿಕೊಂಡು ತಟ್ಟಿದರು. ಮುಂದಿನ ವಾರ ಯಾವ ಧರ್ಮ ಎಂಬ ಸೂಚನೆಯೂ ಆಯಿತು. ಅವನಿಗೆ ನೆಲಮಾಳಿಗೆಗೆ ಓಡಿಹೋಗಿ ಒದ್ದೆ ಬಟ್ಟೆಗಳ ನಡುವೆ ಅಡಗಿಬಿಡಬೇಕೆನ್ನಿಸಿತು.

ನಾಲ್ಕನೇ ವಾರ್ಡಿನ ನರ್ಸು ಬಾಗಿಲ ಬಳಿ ಕಾಯುತ್ತಿದ್ದಳು. "ಬನ್ನಿ ನನ್ನ ಜೊತೆ" ಎಂದಳು. "ಇವತ್ತೂ, ವ್ರತ ನಿನ್ನೆನೇ ಆಯ್ತು ಅಂತಲೇ ಹೇಳಿದ್ವಿ, ಈ ಸಲ ನಂಬ್ತಿಲ್ಲ. ಬೆಳಗ್ಗಿಂದ ತಟ್ಟೆ ಮುಟ್ಟಿಲ್ಲ. ಸಕ್ಕರೆ ಆಗಲೇ ಕೆಳಗಿದೆ, ನೋಡಿದ್ರೆ ಭಯ ಆಗತ್ತೆ. ಮಗ ಫೋನ್ ತೆಗೀತಿಲ್ಲ. ನೀವಾದ್ರೂ ನಿಮ್ಮ ಭಾಷೆಯಲ್ಲಿ ಹೇಳಿ." ಉದ್ದನೆಯ ಕಾರಿಡಾರಿನಲ್ಲಿ ಅವಳ ಹಿಂದೆ ನಡೆಯುತ್ತ ಅವನು ಮಾತು ಜೋಡಿಸಿಕೊಳ್ಳುತ್ತಿದ್ದ. ಶಾಸ್ತ್ರದಲ್ಲಿ ಹೀಗಿದೆ ಎನ್ನಬೇಕು; ಒಪ್ಪದಿದ್ದರೆ ಡಾಕ್ಟರ ಮಾತು; ಅದಕ್ಕೂ ಜಗ್ಗದಿದ್ದರೆ ಮೊಮ್ಮಕ್ಕಳ ಮೇಲೆ ಆಣೆ. ಎಷ್ಟು ಹೊತ್ತಾದರೂ ಸರಿ, ಕೆಳಗೆ ಯಂತ್ರಗಳು ತಾವೇ ತಿರುಗಿಕೊಳ್ಳಲಿ ಎಂದು ಗಟ್ಟಿ ಮಾಡಿಕೊಂಡಿದ್ದ.

ಮುದುಕಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಹೊದಿಕೆಯಡಿ ಮೈ ಇದೆಯೋ ಇಲ್ಲವೋ ಎಂಬಷ್ಟು ಸಣ್ಣ. ಪಕ್ಕದ ಮೇಜಿನ ಮೇಲೆ ಮುಚ್ಚಿಟ್ಟ ತಟ್ಟೆ. ಅವನು ಕುರ್ಚಿ ಎಳೆದು ಕೂತು, "ಅಮ್ಮಾ" ಎಂದ. ಕಿವಿಗೆ ತನ್ನ ಭಾಷೆ ಬಿದ್ದದ್ದಕ್ಕೆ ಅವಳು ಸರಕ್ಕನೆ ತಿರುಗಿದಳು. ಅವನ ಸಮವಸ್ತ್ರವನ್ನು, ನರ್ಸಿನ ಮುಖವನ್ನು, ಮತ್ತೆ ಅವನನ್ನು ನೋಡಿದಳು.

"ನೀನೂ ನಿನ್ನೆ ಆಯ್ತು ಅಂತ ಹೇಳೋಕೆ ಬಂದ್ಯಾ?"

"ಇಲ್ಲಮ್ಮ. ಇವತ್ತೇ ಏಕಾದಶಿ. ಅವರು ನಿಮಗೆ ಸುಳ್ಳು ಹೇಳಿದ್ರು. ಹೋದ ಎರಡು ಸಲವೂ ಸುಳ್ಳೇ."

ಬಯ್ಯುತ್ತಾಳೆ ಎಂದುಕೊಂಡ. "ಅಲ್ವಾ ಮತ್ತೆ?" ಎಂದಳು. "ನಂಗೊತ್ತಿತ್ತು. ಬುದ್ಧಿ ಕೆಟ್ಟಿದೆ ನಂಗೆ ಅಂತ ನಂಬಿಸಿಬಿಟ್ಟಿದ್ರು ನೋಡು."

"ನಿಮ್ಮ ಬುದ್ಧಿ ಸರಿಯಾಗೇ ಇದೆ. ಆದ್ರೆ ಸಕ್ಕರೆ ತುಂಬಾ ಇಳಿದಿದೆಯಂತೆ ಅಮ್ಮ. ಹಸಿದಿದ್ರೆ ಪ್ರಾಣಕ್ಕೇ ತೊಂದರೆ. ಅದಕ್ಕೆ ಕೇಳ್ತಿದೀನಿ. ಇವತ್ತೊಂದು ದಿನ ಬಿಡ್ತೀರಾ?"

ಶಾಸ್ತ್ರ ಇನ್ನೂ ನಾಲಿಗೆಯ ಮೇಲೆಯೇ ಇತ್ತು, ಡಾಕ್ಟರು, ಮೊಮ್ಮಕ್ಕಳು ಅದರ ಹಿಂದೆ ಸಾಲಾಗಿ ನಿಂತಿದ್ದರು.

"ಬಿಡ್ತೀನಪ್ಪ, ಅದಕ್ಕೇನಂತೆ. ಹೀಗೆ ಹೀಗೆ ಆಯ್ತು, ಇವತ್ತು ಆಗಲಿಲ್ಲ ಅಂತ ದೇವರಿಗೆ ನಾನೇ ಹೇಳ್ಕೊತೀನಿ. ಅವನಿಗೆ ಅರ್ಥ ಆಗತ್ತೆ" ಎಂದು ಮೊಣಕೈ ಊರಿ ಏಳಲು ನೋಡಿದಳು. "ಇದನ್ನ ಹೀಗೇ ಕೇಳಬಹುದಿತ್ತಲ್ಲ ನನ್ನ ಮಗ. ಯಾರೂ ಕೇಳಲೇ ಇಲ್ಲ. ಎಲ್ಲಿ, ಕೊಡು ಆ ತಟ್ಟೆ."

ನರ್ಸು ಅವಳ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದಳು. "ಅಷ್ಟೇನಾ?" ಎಂದು ಅವನನ್ನು ಕೇಳಿದಳು. ಅಷ್ಟೇ. ಅವನು ಕುರ್ಚಿಯಲ್ಲಿ ಕೂತು ಒಂದು ನಿಮಿಷವೂ ಆಗಿರಲಿಲ್ಲ. ಮುದುಕಿ ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸಿ, ಯಾರಿಗೋ ಚುಟುಕಾಗಿ ಏನೋ ಹೇಳಿ ಮುಗಿಸಿ, ಅನ್ನ ಕಲಸಿ ಒಂದು ತುತ್ತು ಬಾಯಿಗಿಟ್ಟುಕೊಂಡಳು. ಇನ್ನೊಂದು ತುತ್ತು ಎತ್ತಿದವಳು ಅವನ ಕಡೆ ನೋಡಿ ಅರ್ಧದಲ್ಲೇ ಕೈ ತಡೆದಳು.

"ಯಾಕಪ್ಪಾ ಅಳ್ತೀಯಾ?" ಎಂದಳು. "ತಿಂತಾ ಇದೀನಲ್ಲ."